ಯಾವ ದ್ವೀಪ ಅನ್ನೋದಕ್ಕೂ ಮೊದ್ಲು ಯಾವ ತಿಂಗಳು, ಯಾವ ದಡ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಭಾಗ ದ್ವೀಪ, ಬೀಚು, ರಜೆ ಬಗ್ಗೆನೇ ಇವೆ, ಅದಕ್ಕೇ ಈ ಸಂಚಿಕೆಯ ಕಾಲಂ ಪೂರ್ತಿ ಅದಕ್ಕೇ ಮೀಸಲು. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಟ್ಟಿಗೆ ಉತ್ತರ ಕೊಟ್ಟಿದೀನಿ.

ಪ್ರಶ್ನೆ: ಜುಲೈ ಕೊನೆಗೆ ಒಂದು ವಾರ ರಜೆ ಸಿಗತ್ತೆ. ಮಾಲ್ಡೀವ್ಸ್, ಬಾಲಿ, ಮಾರಿಷಸ್ ಈ ಮೂರರಲ್ಲಿ ಒಂದು ಅಂತ ಅಂದ್ಕೊಂಡಿದೀವಿ. ಫೋಟೋದಲ್ಲಿ ಮೂರೂ ಒಂದೇ ಥರ ನೀಲಿಯಾಗಿ ಕಾಣತ್ತೆ. ಯಾವುದಕ್ಕೆ ಹೋಗೋದು?

ಉತ್ತರ: ಫೋಟೋ ಯಾವ ತಿಂಗಳಲ್ಲಿ ತೆಗೆದಿದ್ದು ಅಂತ ಯಾರೂ ಬರೆದಿರಲ್ಲ, ತೊಂದರೆ ಶುರುವಾಗೋದೇ ಅಲ್ಲಿ. ನಿಮ್ಮದು ಜುಲೈ ಅಂತ ಆಗ್ಲೇ ಫಿಕ್ಸ್ ಆಗಿದೆ ಅಲ್ವಾ, ಹಾಗಾದ್ರೆ ಮೊದ್ಲು ಜುಲೈನಲ್ಲಿ ಈ ಮೂರೂ ಕಡೆ ಸಮುದ್ರ ಹೇಗಿರತ್ತೆ ನೋಡೋಣ.

ಮಾಲ್ಡೀವ್ಸಲ್ಲಿ ಆಗ ನೈಋತ್ಯ ಮಾನ್ಸೂನ್. ಇಡೀ ದಿನ ಮಳೆ ಹೊಡೀತಾನೇ ಇರತ್ತೆ ಅಂತಲ್ಲ, ಒಂದು ಗಂಟೆ ಜೋರಾಗಿ ಸುರಿದು ಬಿಸಿಲು ಬರಬಹುದು, ಅಥವಾ ಎರಡು ಮೂರು ದಿನ ಮೋಡ ಕವಿದು ಗಾಳಿ ಬೀಸ್ತಾನೇ ಇರಬಹುದು, ಆ ರಿಸ್ಕ್ ಇದ್ದೇ ಇದೆ. ಡಿಸೆಂಬರಿಂದ ಏಪ್ರಿಲ್ ತನಕ ಅಲ್ಲಿ ಒಣ ಕಾಲ, ನೀವು ನೋಡಿರೋ ಕನ್ನಡಿ ಥರದ ನೀರಿನ ಫೋಟೋ ಹೆಚ್ಚಾಗಿ ಆ ತಿಂಗಳುಗಳದ್ದು. ಆದ್ರೆ ಇದೇ ಮಾನ್ಸೂನ್ ಟೈಮಲ್ಲಿ ಬಾ ಅಟಾಲ್ ಅನ್ನೋ ಹವಳದ ದ್ವೀಪಗಳ ಗುಂಪಿನ ಹನಿಫಾರು ಕೊಲ್ಲಿಗೆ ಸಮುದ್ರದ ಸೆಳೆತದ ಜೊತೆ ಪ್ಲಾಂಕ್ಟನ್, ಅಂದ್ರೆ ನೀರಲ್ಲಿ ತೇಲೋ ಸಣ್ಣ ಸಣ್ಣ ಜೀವಿಗಳು, ಬಂದು ಸೇರ್ಕೊಳತ್ತೆ, ಅದನ್ನ ತಿನ್ನೋಕೆ ಮಾಂಟಾ ರೇ ಮೀನುಗಳು ಗುಂಪು ಗುಂಪಾಗಿ ಬರ್ತವೆ, ಬಾಯಿ ತೆರ್ಕೊಂಡು ಒಂದರ ಹಿಂದೆ ಒಂದು ಸುತ್ತು ಹಾಕ್ತಾ ಇರ್ತವೆ. ಬಿಸಿಲಲ್ಲಿ ಮಲಗಬೇಕು ಅನ್ನೋರಿಗೆ ಜುಲೈ ಸರಿಯಿಲ್ಲ, ಮಾಂಟಾ ನೋಡಬೇಕು ಅನ್ನೋರಿಗೆ ಅದೇ ಸರಿಯಾದ ಸಮಯ.

ಬಾಲಿ ಭೂಮಧ್ಯರೇಖೆಯಿಂದ ದಕ್ಷಿಣಕ್ಕಿದೆ, ಅಲ್ಲಿ ಏಪ್ರಿಲಿಂದ ಅಕ್ಟೋಬರ್ ತನಕ ಒಣ ಹವೆ, ಜುಲೈ ಅಂದ್ರೆ ಒಳ್ಳೇ ಸೀಸನ್. ಆದ್ರೆ ಬಾಲಿ ಜ್ವಾಲಾಮುಖಿಯಿಂದ ಆದ ದ್ವೀಪ, ಎಷ್ಟೋ ಕಡೆ ಮರಳು ಕಪ್ಪು, ಉಲುವಾಟು ಕಡೆ ಅಲೆಗಳು ಸರ್ಫಿಂಗ್ ಮಾಡೋರಿಗೆ ಹೇಳಿ ಮಾಡಿಸಿದ್ದು, ಸುಮ್ನೆ ನೀರಲ್ಲಿ ಕೂರೋರಿಗಲ್ಲ. ಶಾಂತ ನೀರು ಬೇಕಂದ್ರೆ ಸನೂರ್ ಅಥವಾ ನುಸಾ ದುವಾ ಕಡೆ ಇರಿ, ಅಲ್ಲಿ ಹವಳದ ದಿಬ್ಬ ಅಲೆನ ತಡೆಯತ್ತೆ. ಮಾರಿಷಸಲ್ಲಿ ಜುಲೈ ಚಳಿಗಾಲ, ಸಮುದ್ರದ ನೀರು 23 ಡಿಗ್ರಿ ಆಸುಪಾಸು, ಇಳಿದ ತಕ್ಷಣ ಮೈ ಜುಮ್ ಅನ್ನತ್ತೆ, ಪೂರ್ವ ದಡದಲ್ಲಿ ಗಾಳಿ ಬೇರೆ. ಬೆಟ್ಟ ಹತ್ತೋಕೆ, ಸುತ್ತಾಡೋಕೆ ಚೆನ್ನಾಗಿರತ್ತೆ. ನೀವು ಬೀಚ್ ಜೊತೆ ಊರು, ಗದ್ದೆ, ದೇವಸ್ಥಾನ ನೋಡೋದೂ ಇಷ್ಟ ಅಂತ ಬರೆದಿದೀರಿ, ಹಾಗಾಗಿ ನನ್ನ ಓಟು ಬಾಲಿಗೆ.

ಪ್ರಶ್ನೆ: ಅಪ್ಪ ಅಮ್ಮ ಇಬ್ಬರಿಗೂ ಮಂಡಿ ನೋವು, ಜೊತೆಗೆ ಮೂರು ವರ್ಷದ ಮಗು. ನೀರಿನ ಮೇಲಿರೋ ವಿಲ್ಲಾನಲ್ಲಿ ಇರ್ಬೇಕು ಅಂತ ನನ್ನ ಹೆಂಡತಿಗೆ ತುಂಬಾ ಆಸೆ. ಆಗತ್ತಾ?

ಉತ್ತರ: ನಿಮ್ಮ ಮನೆಯೋರ ಆಸೆ ಅರ್ಥ ಆಗತ್ತೆ, ಆದ್ರೆ ಈ ಟ್ರಿಪ್ಪಿಗೆ ಅದು ಬೇಡ. ಆ ವಿಲ್ಲಾಗಳ ಡೆಕ್ಕಿಂದ ನೇರ ಸಮುದ್ರಕ್ಕೆ ಮೆಟ್ಟಿಲು ಇಳಿದಿರತ್ತೆ, ಎಷ್ಟೋ ಕಡೆ ಸರಿಯಾದ ಕಟಕಟೆ ಕೂಡ ಇರಲ್ಲ. ಓಡಾಡೋ ಮಗು ಇದ್ರೆ ಒಬ್ಬರು ಹಗಲೂ ರಾತ್ರಿ ಬಾಗಿಲು ಕಾಯ್ತಾನೇ ಇರ್ಬೇಕು, ಅದು ರಜೆ ಆಗಲ್ಲ. ಚಿಕ್ಕ ಮಕ್ಕಳಿಗೆ ಆ ವಿಲ್ಲಾ ಕೊಡೋದೇ ಇಲ್ಲ ಅನ್ನೋ ರಿಸಾರ್ಟುಗಳೂ ಇವೆ. ಮರಳಿನ ಮೇಲಿರೋ ಬೀಚ್ ವಿಲ್ಲಾ ತಗೊಳಿ, ಬಾಗಿಲು ತೆಗೆದ್ರೆ ಮಗುಗೆ ಆಟ ಆಡೋಕೆ ಜಾಗ, ಹಿರಿಯರಿಗೆ ಮೆಟ್ಟಿಲಿನ ಕಷ್ಟ ಇಲ್ಲ.

ಇನ್ನೊಂದು ವಿಷಯ ಯಾರೂ ಮೊದಲೇ ಯೋಚನೆ ಮಾಡಲ್ಲ, ಏರ್‌ಪೋರ್ಟಿಂದ ರೂಮಿಗೆ ಹೋಗೋದು ಹೇಗೆ ಅಂತ. ಮಾಲ್ಡೀವ್ಸಲ್ಲಿ ವಿಮಾನ ಇಳಿದ ಮೇಲೆ ಸ್ಪೀಡ್ ಬೋಟು, ಇಲ್ಲಾಂದ್ರೆ ಸೀಪ್ಲೇನು, ಇಲ್ಲಾಂದ್ರೆ ಇನ್ನೊಂದು ಸಣ್ಣ ವಿಮಾನ ಆಮೇಲೆ ಬೋಟು. ಅಲೆ ಇರೋ ದಿನ ಸ್ಪೀಡ್ ಬೋಟು ಎತ್ತಿ ಎತ್ತಿ ಕುಕ್ಕತ್ತೆ, ಸೊಂಟ ಮಂಡಿ ನೋವಿರೋರಿಗೆ ಅರ್ಧ ಗಂಟೆ ಕೂಡ ಜಾಸ್ತಿನೇ. ಸೀಪ್ಲೇನು ಹಗಲಲ್ಲಿ ಮಾತ್ರ ಹಾರತ್ತೆ, ಹಾಗಾಗಿ ನಿಮ್ಮ ವಿಮಾನ ಸಂಜೆ ಇಳಿದ್ರೆ ಆ ರಾತ್ರಿ ಏರ್‌ಪೋರ್ಟ್ ಹತ್ತಿರನೇ ಕಳೀಬೇಕು, ಒಂದು ದಿನ ಅಲ್ಲೇ ಹೋಯ್ತು.

ನಿಮ್ಮಂಥ ಕುಟುಂಬಕ್ಕೆ ನಾನು ಮಾರಿಷಸ್ ಹೇಳ್ತೀನಿ. ದ್ವೀಪದ ಸುತ್ತ ಹೆಚ್ಚುಕಮ್ಮಿ ಪೂರ್ತಿ ಹವಳದ ದಿಬ್ಬ ಇದೆ, ಅಲೆ ದೂರದಲ್ಲೇ ಒಡೆದು ಒಳಗಡೆ ಲಗೂನ್, ಅಂದ್ರೆ ದಿಬ್ಬಕ್ಕೂ ದಡಕ್ಕೂ ಮಧ್ಯದ ನೀರು, ಶಾಂತವಾಗಿರತ್ತೆ. ಏರ್‌ಪೋರ್ಟಿಂದ ಹೋಟೆಲ್ ಬಾಗಿಲ ತನಕ ಕಾರಲ್ಲೇ ಹೋಗಬಹುದು, ಹುಷಾರು ತಪ್ಪಿದ್ರೆ ಆಸ್ಪತ್ರೆಗೂ ರಸ್ತೆ ಇದೆ. ಉತ್ತರದಲ್ಲಿ ಟ್ರೂ ಓ ಬಿಶ್, ಪಶ್ಚಿಮದಲ್ಲಿ ಫ್ಲಿಕ್ ಆನ್ ಫ್ಲಾಕ್ ಥರದ ಕಡೆ ನೋಡಿ. ದಕ್ಷಿಣದ ಗ್ರಿ ಗ್ರಿ ಕಡೆ ದಿಬ್ಬ ತುಂಡಾಗಿದೆ, ಅಲೆ ನೇರವಾಗಿ ಬಂದು ಬಂಡೆಗೆ ಹೊಡೆಯತ್ತೆ, ಅದು ನೋಡೋ ಜಾಗ, ಇಳಿಯೋ ಜಾಗ ಅಲ್ಲ.

ಇದನ್ನ ಬುಕ್ ಮಾಡೋಕೆ ಮುಂಚೆ ನೀವೇ ಚೆಕ್ ಮಾಡಬಹುದು. ಮ್ಯಾಪಲ್ಲಿ ಸ್ಯಾಟಲೈಟ್ ಚಿತ್ರ ತೆಗೆದು ಹೋಟೆಲ್ ಮೇಲೆ ಝೂಮ್ ಮಾಡಿ. ದಡದಿಂದ ಒಂದಿಷ್ಟು ದೂರದಲ್ಲಿ ಬಿಳಿ ಗೆರೆ ಕಂಡ್ರೆ ಅಲೆ ಅಲ್ಲೇ ಒಡೀತಿದೆ ಅಂತ, ಒಳಗಿನ ತಿಳಿ ಹಸಿರು ಅಂದ್ರೆ ಆಳ ಇಲ್ಲದ ನೀರು. ಬಿಳಿ ಗೆರೆ ದಡಕ್ಕೇ ಅಂಟ್ಕೊಂಡಿದ್ರೆ ಅಲೆ ಕಾಲಿಗೇ ಬಂದು ಹೊಡೆಯತ್ತೆ. ಆ ಗೆರೆ ಮಧ್ಯೆ ಕಡು ನೀಲಿ ಸಂದು ಕಂಡ್ರೆ ಲಗೂನಿನ ನೀರು ಅಲ್ಲಿಂದ ಹೊರಗೆ ಹರಿಯತ್ತೆ, ಸೆಳೆತ ಜೋರು, ಮಕ್ಕಳನ್ನ ಅದರ ಹತ್ತಿರಕ್ಕೆ ಬಿಡಬೇಡಿ. ಹೋಟೆಲಿನವರ ಫೋಟೋ ನೂರು ನೋಡೋ ಬದ್ಲು ಈ ಒಂದು ಚಿತ್ರ ನೋಡಿ ಸಾಕು.

ಪ್ರಶ್ನೆ: ಜಾಂಜಿಬಾರಿಗೆ ಹೋಗಿದ್ವಿ, ಬೀಚ್ ಎದುರಿಗೇ ರೂಮು. ಬೆಳಿಗ್ಗೆ ಎದ್ದು ನೋಡಿದ್ರೆ ಸಮುದ್ರಾನೇ ಇಲ್ಲ, ಕೆಸರು, ಪಾಚಿ, ದೂರದಲ್ಲೆಲ್ಲೋ ನೀರು. ನಮಗೆ ಮೋಸ ಆಯ್ತಾ?

ಉತ್ತರ: ಮೋಸ ಅಲ್ಲ, ಇಳಿತ. ಆದ್ರೆ ಬುಕ್ ಮಾಡುವಾಗ ನಿಮಗೆ ಯಾರಾದ್ರೂ ಹೇಳಬೇಕಿತ್ತು, ಆ ಬೇಜಾರು ನ್ಯಾಯವಾದದ್ದೇ.

ಜಾಂಜಿಬಾರಲ್ಲಿ ಹುಣ್ಣಿಮೆ ಅಮಾವಾಸ್ಯೆ ಹತ್ತಿರ ಉಬ್ಬರಕ್ಕೂ ಇಳಿತಕ್ಕೂ 4 ಮೀಟರ್ ಹತ್ತಿರ ವ್ಯತ್ಯಾಸ ಬರತ್ತೆ. ಪೂರ್ವ ದಡದ ಪಾಜೆ, ಜಂಬಿಯಾನಿ ಕಡೆ ಸಮುದ್ರದ ತಳ ಚಪ್ಪಟೆ, ಹಾಗಾಗಿ ನೀರು ಇಳಿದ್ರೆ ಹವಳದ ದಿಬ್ಬದ ತನಕ ಹಿಂದಕ್ಕೆ ಹೋಗಿಬಿಡತ್ತೆ. ಆಗ ಅಲ್ಲಿನ ಹೆಂಗಸರು ಇಳಿದು ಬರ್ತಾರೆ, ಮರಳಲ್ಲಿ ಗೂಟ ಹೊಡೆದು ಹಗ್ಗ ಕಟ್ಟಿ ಸಮುದ್ರದ ಪಾಚಿ ಬೆಳೆಸಿರ್ತಾರೆ, ಮಂಡಿ ತನಕ ನೀರಲ್ಲಿ ಕೂತು ಅದನ್ನ ಕೊಯ್ತಾರೆ. ನೀವು ಕೆಸರು ಅಂದಿದ್ದು ಅವರ ಹೊಲ. ಆರು ಗಂಟೆ ಚಿಲ್ಲರೆ ಆದ್ಮೇಲೆ ಅದೇ ಜಾಗದಲ್ಲಿ ಈಜೋ ಅಷ್ಟು ನೀರು ಇರತ್ತೆ, ಹೊತ್ತು ಮಾತ್ರ ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗ್ತಾ ಇರತ್ತೆ.

ಮುಂದಿನ ಸಲ ಅಲ್ಲಿಗೇ ಹೋದ್ರೆ ಉತ್ತರ ತುದಿಯ ನುಂಗ್ವಿ ಅಥವಾ ಕೆಂಡ್ವಾ ಕಡೆ ಇರಿ, ಅಲ್ಲಿ ದಡ ಬೇಗ ಆಳ ಆಗತ್ತೆ, ಇಳಿತದಲ್ಲೂ ಈಜಬಹುದು. ಬೇರೆ ದ್ವೀಪ ಆದ್ರೂ ಸರಿ, ಆ ಜಾಗದ ಉಬ್ಬರ ಇಳಿತದ ಟೇಬಲ್ ನೆಟ್ಟಲ್ಲಿ ಸಿಗತ್ತೆ, ನಿಮ್ಮ ತಾರೀಕು ಹಾಕಿ ನೋಡ್ಕೊಳಿ. ಮಾಲ್ಡೀವ್ಸ್, ಮಾರಿಷಸ್ ಕಡೆ ವ್ಯತ್ಯಾಸ ಕಡಿಮೆ, ತಲೆ ಕೆಡಿಸ್ಕೊಳ್ಳೋ ಅಷ್ಟಿಲ್ಲ.

ಪ್ರಶ್ನೆ: ಚಂಡಮಾರುತದ ಭಯ ಇಲ್ಲದ ದ್ವೀಪ ಇದೆಯಾ?

ಉತ್ತರ: ಇದೆ. ಭೂಮಿ ತಿರುಗೋದ್ರಿಂದ ಗಾಳಿಗೆ ಸಿಗೋ ತಿರುವು ಭೂಮಧ್ಯರೇಖೆ ಹತ್ತಿರ ತೀರಾ ಕಡಿಮೆ, ಹಾಗಾಗಿ ಅದರ ಎರಡೂ ಕಡೆ ಸುಮಾರು 5 ಡಿಗ್ರಿ ಒಳಗೆ ಚಂಡಮಾರುತ ಹುಟ್ಟೋದು ಬಹಳ ಅಪರೂಪ. ಸೇಶೆಲ್ಸಿನ ಮುಖ್ಯ ದ್ವೀಪಗಳಾದ ಮಾಹೆ, ಪ್ರಾಲಿನ್, ಲಾ ಡೀಗ್ ಈ ಪಟ್ಟಿಯಲ್ಲೇ ಬರ್ತವೆ. ಕೆರಿಬಿಯನ್ನಲ್ಲಿ ಜೂನ್ 1ರಿಂದ ನವೆಂಬರ್ 30ರ ತನಕ ಹರಿಕೇನ್ ಸೀಸನ್, ಆದ್ರೆ ತೀರಾ ದಕ್ಷಿಣಕ್ಕಿರೋ ಅರೂಬಾ, ಬೊನೇರ್, ಕ್ಯುರಸಾವ್ ಕಡೆಗೆ ಅವು ಬರೋದು ಕಡಿಮೆ. ಮಾರಿಷಸ್, ಫಿಜಿಯಲ್ಲಿ ನವೆಂಬರಿಂದ ಏಪ್ರಿಲ್ ತನಕ ಎಚ್ಚರ.

ಚಂಡಮಾರುತ ಇಲ್ಲ ಅಂದ್ರೆ ಗಾಳಿ ಇಲ್ಲ ಅಂತಲ್ಲ ಮತ್ತೆ. ಸೇಶೆಲ್ಸಲ್ಲಿ ಮೇನಿಂದ ಸೆಪ್ಟೆಂಬರ್ ತನಕ ಆಗ್ನೇಯ ಗಾಳಿ ಬೀಸತ್ತೆ, ಆಗ ಲಾ ಡೀಗಿನ ಗ್ರಾಂಡ್ ಆನ್ಸ್ ಬೀಚಲ್ಲಿ ಅಲೆ ಅಪಾಯಕಾರಿ, ಅದೇ ದಿನ ಮಾಹೆಯ ವಾಯವ್ಯಕ್ಕಿರೋ ಬೋ ವಲ್ಲೋನ್ ತಣ್ಣಗಿರತ್ತೆ. ಡಿಸೆಂಬರ್ ಹೊತ್ತಿಗೆ ಗಾಳಿ ದಿಕ್ಕು ಬದಲಾಗಿ ಇದು ತಿರುವುಮುರುವು. ಏಪ್ರಿಲ್ ಮತ್ತೆ ಅಕ್ಟೋಬರ್, ಈ ಎರಡು ತಿಂಗಳು ಗಾಳಿ ದಿಕ್ಕು ಬದಲಾಗೋ ಕಾಲ, ಆಗ ಗಾಳಿ ಕಡಿಮೆ, ನೀರು ತಿಳಿ. ಶ್ರೀಲಂಕಾನೂ ಹಾಗೇ, ಮಿರಿಸ್ಸಾ, ಉನವಟುನ ಇರೋ ದಕ್ಷಿಣ ದಡಕ್ಕೆ ಡಿಸೆಂಬರಿಂದ ಮಾರ್ಚ್, ಟ್ರಿಂಕೋಮಲಿ, ಪಾಸಿಕುಡಾ ಇರೋ ಪೂರ್ವ ದಡಕ್ಕೆ ಮೇನಿಂದ ಸೆಪ್ಟೆಂಬರ್. ಥೈಲ್ಯಾಂಡಲ್ಲಿ ಫುಕೆಟ್, ಕ್ರಾಬಿಗೆ ನವೆಂಬರಿಂದ ಏಪ್ರಿಲ್ ಒಳ್ಳೇದು, ಅದೇ ನವೆಂಬರಲ್ಲಿ ಆ ಕಡೆ ಕೊಹ್ ಸಮುಯಿಯಲ್ಲಿ ಮಳೆ ಜೋರು. ಒಂದೇ ದೇಶ ಅಂತ ಒಂದೇ ಲೆಕ್ಕ ಹಾಕಬೇಡಿ.

ಪ್ರಶ್ನೆ: ಮಾಲ್ಡೀವ್ಸ್ ಅಂದ್ರೆ ಬರೀ ದುಬಾರಿ ರಿಸಾರ್ಟೇನಾ?

ಉತ್ತರ: ಅಲ್ಲ. ಜನ ವಾಸ ಇರೋ ದ್ವೀಪಗಳಲ್ಲಿ 2009ರಿಂದ ಗೆಸ್ಟ್‌ಹೌಸುಗಳಿಗೆ ಅವಕಾಶ ಸಿಕ್ಕಿದೆ, ಮಾಫುಶಿ, ತುಲುಸ್ದೂ, ದಿಗುರಾ ಥರದ ಕಡೆ ತುಂಬಾ ಜನ ಹೋಗ್ತಾರೆ. ಅವು ಊರುಗಳು, ಮಸೀದಿ ಇದೆ, ಶಾಲೆ ಇದೆ, ಮದ್ಯ ಇಲ್ಲ, ಈಜುಡುಗೆ ಹಾಕ್ಕೊಂಡು ಓಡಾಡೋಕೆ ಬೇರೆಯಾಗಿ ಒಂದು ಬೀಚ್ ಬಿಟ್ಟಿರ್ತಾರೆ, ಅದರ ಹೊರಗೆ ಮೈ ಮುಚ್ಚೋ ಬಟ್ಟೆ ಹಾಕ್ಕೊಂಡಿರಬೇಕು. ಶುಕ್ರವಾರ ಸರ್ಕಾರಿ ಫೆರಿಗಳು ಸಾಮಾನ್ಯವಾಗಿ ಇರಲ್ಲ, ಬಂದಿಳಿಯೋ ದಿನ ಲೆಕ್ಕ ಹಾಕ್ಕೊಳಿ.

ಪ್ರಶ್ನೆ: ನನಗೆ ಈಜು ಬರಲ್ಲ. ಇಂಥ ಕಡೆ ಹೋಗಿ ಏನು ಪ್ರಯೋಜನ ಅಂತ ಗೆಳತಿಯರು ಅಂತಾರೆ.

ಉತ್ತರ: ಖಂಡಿತ ಹೋಗಿ. ಲೈಫ್ ಜಾಕೆಟ್ ಹಾಕ್ಕೊಂಡು, ಪಕ್ಕದಲ್ಲಿ ಗೈಡ್ ಇದ್ರೆ, ಶಾಂತ ಲಗೂನಲ್ಲಿ ಮುಖ ನೀರಿಗಿಟ್ಟು ಮಾಸ್ಕಲ್ಲಿ ನೋಡೋದು ಈಜು ಬರದವರಿಗೂ ಆಗತ್ತೆ. ಮೊದ್ಲ ದಿನ ಸೊಂಟದಷ್ಟು ನೀರಲ್ಲಿ ನಿಂತು ಸ್ನಾರ್ಕೆಲ್ ಪೈಪಲ್ಲಿ ಬಾಯಿಂದ ಉಸಿರಾಡೋದು ಅಭ್ಯಾಸ ಮಾಡಿ, ಐದು ನಿಮಿಷ ಗಾಬರಿ ಆಗತ್ತೆ, ಆಮೇಲೆ ಉಸಿರು ತಾನಾಗೇ ನಿಧಾನ ಆಗತ್ತೆ. ಕಿವಿ ನೀರೊಳಗಿದ್ರೆ ಕಟಕಟ ಅಂತ ಸದ್ದು ಕೇಳತ್ತೆ, ಗಿಳಿಮೀನು ಹಲ್ಲಲ್ಲಿ ಹವಳ ಕಡಿದು ಕೆರೆಯೋ ಸದ್ದು ಅದು. ಅದು ತಿಂದು ಪುಡಿ ಮಾಡಿ ಹೊರಗೆ ಬಿಡೋದೇ ಹವಳದ ದ್ವೀಪಗಳ ಬಿಳಿ ಮರಳಿನ ದೊಡ್ಡ ಪಾಲು. ಹವಳದ ಮೇಲೆ ಮಾತ್ರ ನಿಲ್ಲಬೇಡಿ, ಅದು ಜೀವ ಇರೋದು, ನಿಮ್ಮ ಕಾಲಿಗೂ ಗಾಯ. ರೀಫ್ ಶೂ ಹಾಕ್ಕೊಳಿ, ಕಡಲ ಮುಳ್ಳುಚೆಂಡು (ಸೀ ಅರ್ಚಿನ್, ಮೈತುಂಬ ಮುಳ್ಳಿರೋ ಪ್ರಾಣಿ) ತುಳಿದ್ರೆ ರಜೆಯ ಉಳಿದ ದಿನ ಕುಂಟಬೇಕಾಗತ್ತೆ.

ಪ್ರಶ್ನೆ: ಹವಳ ಎಲ್ಲಾ ಸಾಯ್ತಿದೆ ಅಂತ ಓದಿದೆ. ನಾವು ಹೋಗೋದ್ರಿಂದ ಇನ್ನೂ ಹಾಳಾಗಲ್ವಾ?

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ಮನಸಾರೆ ಥ್ಯಾಂಕ್ಸ್. ಸಮುದ್ರದ ನೀರು ಬೇಸಿಗೆಯ ಮಾಮೂಲಿ ಶಾಖಕ್ಕಿಂತ ಒಂದು ಡಿಗ್ರಿ ಜಾಸ್ತಿಯಾಗಿ ವಾರಗಟ್ಟಲೆ ಹಾಗೇ ಇದ್ರೆ ಹವಳ ತನ್ನೊಳಗಿನ ಪಾಚಿನ ಹೊರಗೆ ಹಾಕಿ ಬೆಳ್ಳಗಾಗತ್ತೆ, ಶಾಖ ಇಳಿಯದಿದ್ರೆ ಸಾಯತ್ತೆ. ಪ್ರಪಂಚದಾದ್ಯಂತ ಹೀಗೆ ಆಗ್ತಿರೋದು ಇದು ನಾಲ್ಕನೇ ಸಲ ಅಂತ ವಿಜ್ಞಾನಿಗಳು 2024ರ ಏಪ್ರಿಲಲ್ಲಿ ಘೋಷಿಸಿದ್ರು. ಅದಕ್ಕೆ ಮುಖ್ಯ ಕಾರಣ ಬಿಸಿಯಾಗ್ತಿರೋ ಸಮುದ್ರ, ಪ್ರವಾಸಿಗರ ಕಾಲು, ಬೋಟಿನ ಲಂಗರು ಅದರ ಮೇಲೆ ಇನ್ನೊಂದು ಪೆಟ್ಟು. ಥೈಲ್ಯಾಂಡಿನ ಮಾಯಾ ಬೇ ಕೊಲ್ಲಿನ ಜನ ಜಾಸ್ತಿಯಾಗಿ 2018ರಲ್ಲಿ ಮುಚ್ಚಿದ್ರು, 2022ರಲ್ಲಿ ತೆರೆದಾಗ ಬೋಟು ಒಳಗೆ ಬರೋ ಹಾಗಿಲ್ಲ ಅಂತ ಮಾಡಿದ್ರು, ಮುಚ್ಚಿದ್ದಾಗಲೇ ಬ್ಲ್ಯಾಕ್‌ಟಿಪ್ ಶಾರ್ಕುಗಳು ವಾಪಸ್ ಬಂದಿದ್ವು. ಬಿಟ್ರೆ ಸುಧಾರಿಸ್ಕೊಳತ್ತೆ ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ.

ನಿಮ್ಮ ಕೈಲಿ ಆಗೋದು ಅಂದ್ರೆ, ಲಂಗರು ಹಾಕದೆ, ನೀರಲ್ಲಿ ಮೊದಲೇ ಇಟ್ಟಿರೋ ತೇಲುಬುರುಡೆಗೆ (ಬಾಯ್) ಬೋಟು ಕಟ್ಟೋರನ್ನ ಹುಡುಕಿ, ಮೈಗೆ ಸನ್‌ಸ್ಕ್ರೀನ್ ಬಳಿಯೋ ಬದ್ಲು ತುಂಬು ತೋಳಿನ ಈಜುಡುಗೆ ಹಾಕಿ. ಹವಾಯಿಯಲ್ಲಿ ಹವಳಕ್ಕೆ ಕೆಟ್ಟದ್ದು ಅಂತ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಅನ್ನೋ ರಾಸಾಯನಿಕ ಇರೋ ಸನ್‌ಸ್ಕ್ರೀನ್ ಮಾರಾಟನ 2021ರಿಂದ ನಿಲ್ಲಿಸಿದಾರೆ, ಡಬ್ಬಿ ಮೇಲೆ ಆ ಹೆಸರು ಇಲ್ಲದೇ ಇರೋದನ್ನ ನೋಡಿ ತಗೊಳಿ. ಮತ್ತೆ ಚಿಪ್ಪು, ಹವಳದ ತುಂಡು ಯಾವುದನ್ನೂ ಬ್ಯಾಗಿಗೆ ಹಾಕ್ಕೋಬೇಡಿ, ಎಷ್ಟೋ ದೇಶಗಳಲ್ಲಿ ಏರ್‌ಪೋರ್ಟಲ್ಲೇ ದಂಡ ಹಾಕ್ತಾರೆ.

ಪ್ರಶ್ನೆ: ಆರು ದಿನದಲ್ಲಿ ಮೂರು ದ್ವೀಪ ಮಾಡಿ, ಕೊನೇ ದಿನ ಬೆಳಿಗ್ಗೆ ಸ್ಕೂಬಾ ಮುಗಿಸಿ ಸಂಜೆ ಫ್ಲೈಟ್ ಹಿಡಿಯೋಣ ಅಂತ ಪ್ಲಾನ್. ಸರಿನಾ?

ಉತ್ತರ: ಎರಡೂ ಸರಿಯಿಲ್ಲ. ದ್ವೀಪ ಬದಲಾಯಿಸೋ ದಿನ ಅಂದ್ರೆ ಚೆಕ್ ಔಟು, ಜೆಟ್ಟಿ, ಬೋಟ್ ಕಾಯೋದು, ಮತ್ತೆ ಚೆಕ್ ಇನ್ನು, ಅರ್ಧ ದಿನಕ್ಕೂ ಮೇಲೆ ಅದಕ್ಕೇ ಹೋಗತ್ತೆ. ಸಮುದ್ರ ಒರಟಾಗಿದ್ರೆ ಬೋಟೇ ಕ್ಯಾನ್ಸಲ್, ಆಮೇಲೆ ವಾಪಸ್ ಫ್ಲೈಟಿನ ಚಿಂತೆ. ಆರು ದಿನಕ್ಕೆ ಒಂದು ದ್ವೀಪ ಸಾಕು, ತೀರಾ ಆಸೆ ಇದ್ರೆ ಎರಡು, ಕೊನೇ ರಾತ್ರಿ ಏರ್‌ಪೋರ್ಟ್ ಇರೋ ದ್ವೀಪದಲ್ಲೇ ಇರಿ.

ಸ್ಕೂಬಾ ವಿಷಯ ಮಾತ್ರ ದಯವಿಟ್ಟು ಹಗುರವಾಗಿ ತಗೋಬೇಡಿ. ನೀರೊಳಗೆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ಮೈಯಲ್ಲಿ ಕರಗಿರತ್ತೆ, ಅದು ನಿಧಾನಕ್ಕೆ ಹೊರಗೆ ಹೋಗ್ಬೇಕು. ಅಷ್ಟರಲ್ಲಿ ವಿಮಾನ ಹತ್ತಿದ್ರೆ ಒತ್ತಡ ಕಡಿಮೆಯಾಗಿ ಗುಳ್ಳೆಗಳಾಗತ್ತೆ, ಕೀಲು ನೋವಿಂದ ಹಿಡಿದು ಪಾರ್ಶ್ವವಾಯು ತನಕ ಏನೂ ಆಗಬಹುದು. ಒಂದೇ ಡೈವ್ ಮಾಡಿದ್ರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಮಾಡಿದ್ರೆ ಕನಿಷ್ಠ 18 ಗಂಟೆ ಬಿಟ್ಟು ವಿಮಾನ ಹತ್ತಿ ಅಂತ ಡೈವಿಂಗ್ ವೈದ್ಯರ ಸಲಹೆ, ಸೀಪ್ಲೇನಿಗೂ ಇದನ್ನೇ ಪಾಲಿಸಿ. ಸ್ಕೂಬಾನ ಎರಡನೇ ಅಥವಾ ಮೂರನೇ ದಿನಕ್ಕೆ ಹಾಕ್ಕೊಳಿ, ಕೊನೇ ದಿನ ಬರೀ ಸ್ನಾರ್ಕೆಲ್ ಮಾಡಿ, ಅದಕ್ಕೆ ಈ ಲೆಕ್ಕ ಏನೂ ಇಲ್ಲ.