ರಾಮನ್ ಹೊಡೆದ ಗೋಲು ಯಾರಿಗೆ ನೆನಪಿದೆ?

"ಕಳೆದ ಸಂಚಿಕೆಯಲ್ಲಿ ಹಳೆಯ ಫುಟ್‌ಬಾಲ್ ಆಟಗಾರ ಅಹ್ಮದ್ ಖಾನ್ ಬಗ್ಗೆ ಎರಡು ಪುಟ ಹಾಕಿದ್ದೀರಿ. ಅವರು ಬರಿಗಾಲಲ್ಲಿ ಆಡಿ, ಯುಗೊಸ್ಲಾವಿಯಾ ಎದುರು 10-1ರಲ್ಲಿ ಸೋತ ಕಾಲದವರು. ಈಗ ಯಾರಿಗೆ ಬೇಕು ಇದೆಲ್ಲ? ಸುನಿಲ್ ಚೆಟ್ರಿ ಬಗ್ಗೆ ಬರೆಯಿರಿ."
– ಓದುಗರೊಬ್ಬರು, ದಾವಣಗೆರೆ

ನಿಮ್ಮ ಪತ್ರ ಖಾರವಾಗಿದೆ, ಆದರೂ ಇಷ್ಟವಾಯಿತು. ಈಗಿನ ಆಟದ ವೇಗ, ಫಿಟ್‌ನೆಸ್ ಆಗ ಇರಲಿಲ್ಲ, ಒಪ್ಪಿದೆ. ಚೆಟ್ರಿ ದೊಡ್ಡ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಅವರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ.

ಆದರೆ ಆ 10-1 ವಿಷಯಕ್ಕೆ ಬರೋಣ. ಅದು 1952ರ ಹೆಲ್ಸಿಂಕಿ ಒಲಿಂಪಿಕ್ಸ್. ನಮ್ಮನ್ನು ಸೋಲಿಸಿದ ಅದೇ ಯುಗೊಸ್ಲಾವಿಯಾ ಫೈನಲ್‌ವರೆಗೆ ಹೋಗಿ ಬೆಳ್ಳಿ ಗೆದ್ದಿತು. ಅಂಥ ತಂಡದ ಮೇಲೆ ನಮ್ಮ ಆ ಒಂದು ಗೋಲು ಹೊಡೆದವರು ಯಾರು ಗೊತ್ತಾ? ಬೆಂಗಳೂರಿನ ಹುಡುಗ ಅಹ್ಮದ್ ಖಾನ್! ಸ್ಕೋರನ್ನು ನೆನಪಿಟ್ಟುಕೊಂಡವರು ಗೋಲು ಹೊಡೆದವರನ್ನೂ ನೆನಪಿಟ್ಟುಕೊಳ್ಳಬೇಕು ಅಲ್ವಾ?

ಅದಕ್ಕೂ ನಾಲ್ಕು ವರ್ಷ ಹಿಂದೆ ಹೋಗಿ. 1948ರ ಲಂಡನ್ ಒಲಿಂಪಿಕ್ಸ್, ಜುಲೈ 31, ಲಂಡನ್ ಪಕ್ಕದ ಇಲ್‌ಫರ್ಡ್. ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಎದುರಿಗೆ ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲು. ಸಿಕ್ಕಿದ ಎರಡು ಪೆನಾಲ್ಟಿಗಳೂ ಕೈ ತಪ್ಪಿದವು. ಒಂದು ಗೋಲು ಹಿಂದಿದ್ದಾಗ, 70ನೇ ನಿಮಿಷದಲ್ಲಿ ಸಾರಂಗಪಾಣಿ ರಾಮನ್ ಸಮ ಮಾಡಿದರು. ಸ್ವತಂತ್ರ ಭಾರತದ ಮೊದಲ ಅಂತಾರಾಷ್ಟ್ರೀಯ ಗೋಲು ಅದು. ಪಂದ್ಯ ಇನ್ನೇನು ಮುಗಿಯಿತು ಅನ್ನುವಾಗ ಫ್ರಾನ್ಸ್ ಇನ್ನೊಂದು ಹೊಡೆದು 2-1ರಲ್ಲಿ ಗೆದ್ದಿತು. ರಾಮನ್ ನಮ್ಮ ಮೈಸೂರು ರಾಜ್ಯ (ಈಗಿನ ಕರ್ನಾಟಕ) ತಂಡದವರು. ಗೋಲ್‌ಕೀಪರ್ ವರದರಾಜ್, ಬಷೀರ್, ಧನರಾಜ್, ಅಹ್ಮದ್ ಖಾನ್ ಎಲ್ಲರೂ ಬೆಂಗಳೂರಿನ ಮೈದಾನಗಳಲ್ಲಿ ಆಡಿದವರೇ. ಈ ಐದು ಹೆಸರಲ್ಲಿ ನಿಮಗೆ ಎಷ್ಟು ಗೊತ್ತಿತ್ತು, ನೀವೇ ಹೇಳಿ.

ಕೋಲ್ಕತ್ತದವರಿಗೆ ಗೊತ್ತು. ಅಲ್ಲಿನ ಈಸ್ಟ್ ಬೆಂಗಾಲ್ ಕ್ಲಬ್‌ನ ಆಗಿನ ಮುಂಪಡೆಯ ಐವರನ್ನು ಅವರು ಇವತ್ತಿಗೂ 'ಪಂಚಪಾಂಡವರು' ಎನ್ನುತ್ತಾರೆ. ಅದರಲ್ಲಿ ಅಹ್ಮದ್ ಖಾನ್, ಧನರಾಜ್ ಇಬ್ಬರೂ ಇಲ್ಲಿಂದ ಹೋದವರು. 1949, 50, 51, ಮೂರು ವರ್ಷ ಸತತ ಕೋಲ್ಕತ್ತದ ದೊಡ್ಡ ಟೂರ್ನಿ ಐಎಫ್‌ಎ ಶೀಲ್ಡ್ ಗೆದ್ದ ತಂಡ ಅದು. ಕಾಲಿಗೆ ಅಂಟಿಕೊಂಡಂತೆ ಚೆಂಡು ಓಡಿಸುತ್ತಿದ್ದ ಅಹ್ಮದ್ ಖಾನರಿಗೆ ಅಲ್ಲಿನ ಜನ ಹಾವಾಡಿಗ ಅಂತಲೇ ಹೆಸರಿಟ್ಟಿದ್ದರು. ಅವರು 2017ರಲ್ಲಿ ತೊಂಬತ್ತರ ವಯಸ್ಸಿನಲ್ಲಿ, ನಮ್ಮ ಬೆಂಗಳೂರಿನಲ್ಲೇ ತೀರಿಕೊಂಡರು. ಸುದ್ದಿಯನ್ನು ಓದಿದ ನೆನಪು ನಿಮಗಿದೆಯೇ?

ನನಗೆ ಹೊಟ್ಟೆ ಉರಿಯುವುದು ಇಲ್ಲೇ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬ್ರಿಟಿಷ್ ಪಲ್ಟನ್‌ಗಳ ಹಿಡಿತದಲ್ಲಿದ್ದ ಮುಂಬೈನ ರೋವರ್ಸ್ ಕಪ್ ತಂದಿತು. ಮರುವರ್ಷ ಮತ್ತೆ ತಂದಿತು. ಮೈಸೂರು 1946-47ರಲ್ಲೂ 1952-53ರಲ್ಲೂ ಬಂಗಾಳವನ್ನು ಸೋಲಿಸಿ, ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿ ಎತ್ತಿತು. 2023ರಲ್ಲಿ ಕರ್ನಾಟಕ ಆ ಟ್ರೋಫಿ ಗೆದ್ದಾಗ 54 ವರ್ಷದ ಬರ ನೀಗಿತು ಎಂದು ಬರೆದೆವು. ಬರಕ್ಕೆ ಮುಂಚಿನ ಬೆಳೆ ಬೆಳೆದವರ ಹೆಸರು ಎಷ್ಟು ಜನ ಬರೆದರು? ಕ್ರಿಕೆಟಿಗ ಸುಮ್ನೆ ಕೆಮ್ಮಿದರೂ ಅದು ಸುದ್ದಿ. ಬೆಂಗಳೂರಿನ ಗೌತಮಪುರದಲ್ಲಿ ಪೆಲೆ ಪ್ರತಿಮೆ ಇದೆ, ಇರಲಿ, ಪೆಲೆಗೆ ಸಲ್ಲಬೇಕು. ಒಂದು ಮೈದಾನಕ್ಕೆ, ಬೇಡ, ಒಂದು ಸ್ಟ್ಯಾಂಡಿಗೆ ರಾಮನ್ ಹೆಸರಿಡಲು ಏನು ಅಡ್ಡಿ?

ಮುಂದಿನ ಸಂಚಿಕೆಯಲ್ಲಿ ರಾಮನ್ ಬಗ್ಗೆ ಎರಡು ಪುಟ ಇರುತ್ತದೆ. ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರಿನ ಓದುಗರ ಮನೆಯಲ್ಲಿ ಆ ಕಾಲದ ತಂಡಗಳ ಫೋಟೋ ಇದ್ದರೆ ಕಳಿಸಿ. ಯಾರು ಎಲ್ಲಿ ನಿಂತಿದ್ದಾರೆ ಅಂತ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿಡಿ. ಪ್ರತಿ ತೆಗೆದುಕೊಂಡು ವಾಪಸ್ ಕೊಡುತ್ತೇವೆ.

– ಸಂಪಾದಕ