ಓದುಗರ ಪ್ರಶ್ನೆ, ನಮ್ಮ ಉತ್ತರ: ಇಬ್ಬರನ್ನು ಆರಿಸಿ ಕಳಿಸುತ್ತಿದ್ದ ಡಂಡೀ

ಪ್ರಶ್ನೆ: ವಿನ್‌ಸ್ಟನ್ ಚರ್ಚಿಲ್ 1922ರ ಮಹಾಚುನಾವಣೆಯಲ್ಲಿ ಸ್ಕಾಟ್ಲೆಂಡಿನ ಡಂಡೀ ಕ್ಷೇತ್ರದಿಂದ ನಿಂತು ಸೋತರೆಂದು ಓದಿದೆ. ಗೆದ್ದವರಿಗೆ 32,578 ಮತ, ಚರ್ಚಿಲ್ಲರಿಗೆ 20,466 ಮತ ಎಂದು ಅಲ್ಲಿತ್ತು. ಅದೇ ಪಟ್ಟಿಯಲ್ಲಿ 30,292 ಮತ ಪಡೆದ ಇನ್ನೊಬ್ಬರ ಹೆಸರಿನ ಮುಂದೆಯೂ ‘ಗೆಲುವು’ ಎಂದೇ ಬರೆದಿದೆ. ಒಂದು ಕ್ಷೇತ್ರದಲ್ಲಿ ಇಬ್ಬರು ಗೆಲ್ಲುವುದು ಹೇಗೆ? ಇದು ಅಚ್ಚಿನ ತಪ್ಪೇ?

ಉತ್ತರ: ಅಚ್ಚಿನ ತಪ್ಪಲ್ಲ, ಪಟ್ಟಿ ಸರಿಯಾಗಿಯೇ ಇದೆ. 1868ರಿಂದ 1950ರವರೆಗೆ ಡಂಡೀ ನಗರವು ಬ್ರಿಟನ್ನಿನ ಕಾಮನ್ಸ್ ಸಭೆಗೆ ಇಬ್ಬರು ಸದಸ್ಯರನ್ನು ಕಳಿಸುತ್ತಿತ್ತು, ಮತ್ತು ನಗರವನ್ನು ಎರಡಾಗಿ ಒಡೆಯದೆ ಇಡಿಯಾಗಿ ಒಂದೇ ಕ್ಷೇತ್ರವೆಂದು ಪರಿಗಣಿಸಲಾಗಿತ್ತು. ಮಹಾಚುನಾವಣೆಯಲ್ಲಿ ಪ್ರತಿಯೊಬ್ಬ ಮತದಾರನಿಗೂ ಎರಡು ಮತಗಳಿದ್ದವು. ಎರಡನ್ನೂ ಒಬ್ಬನೇ ಅಭ್ಯರ್ಥಿಗೆ ಹಾಕುವಂತಿರಲಿಲ್ಲ. ಇಬ್ಬರಿಗೆ ಒಂದೊಂದು ಹಾಕಬಹುದಿತ್ತು, ಇಲ್ಲವೇ ತನಗೆ ಬೇಕಾದ ಒಬ್ಬನಿಗೆ ಮಾತ್ರ ಹಾಕಿ ಉಳಿದದ್ದನ್ನು ಬಿಟ್ಟುಬಿಡಬಹುದಿತ್ತು. ಎಣಿಕೆಯಲ್ಲಿ ಮೊದಲ ಎರಡು ಸ್ಥಾನ ಪಡೆದವರಿಬ್ಬರೂ ಸಂಸದರಾಗುತ್ತಿದ್ದರು. ನೀವು ನೋಡಿದ ಪಟ್ಟಿಯಲ್ಲಿ ಮೊದಲನೆಯವರು ಎಡ್ವಿನ್ ಸ್ಕ್ರಿಮ್ಜರ್, ಎರಡನೆಯವರು ಲೇಬರ್ ಪಕ್ಷದ ಇ. ಡಿ. ಮೊರೆಲ್. ಮೂರನೆಯವರು ಚರ್ಚಿಲ್ಲರ ಜೊತೆಗಾರ ಡಿ. ಜೆ. ಮ್ಯಾಕ್‌ಡೊನಾಲ್ಡ್, 22,244 ಮತ. ಚರ್ಚಿಲ್ಲರದು ನಾಲ್ಕನೆಯ ಸ್ಥಾನ.

ಇಂಥ ಏರ್ಪಾಡು ಡಂಡೀಗೆ ಮಾತ್ರ ಉಳಿದುಕೊಂಡದ್ದಕ್ಕೂ ಕಾರಣವಿದೆ. 1832ರ ಸುಧಾರಣಾ ಕಾಯ್ದೆಗೆ ಮುಂಚೆ ಈ ಊರು ಪರ್ತ್, ಕ್ಯೂಪರ್, ಫಾರ್ಫರ್, ಸೇಂಟ್ ಆಂಡ್ರೂಸ್‌ಗಳೊಂದಿಗೆ ಒಬ್ಬನೇ ಸದಸ್ಯನನ್ನು ಹಂಚಿಕೊಳ್ಳುತ್ತಿತ್ತು. 1832ರಲ್ಲಿ ಅದಕ್ಕೆ ಸ್ವಂತ ಸ್ಥಾನ ಬಂತು, 1868ರಲ್ಲಿ ಎರಡನೆಯ ಸ್ಥಾನ ಸೇರಿತು. 1885ರಲ್ಲಿ ಕ್ಷೇತ್ರಗಳನ್ನು ಮರುವಿಂಗಡಿಸಿದಾಗ ಗ್ಲಾಸ್ಗೋ, ಎಡಿನ್‌ಬರೋಗಳಂಥ ದೊಡ್ಡ ನಗರಗಳನ್ನು ಏಕಸದಸ್ಯ ಕ್ಷೇತ್ರಗಳಾಗಿ ಒಡೆದರು. ಆದರೆ ಮೊದಲೇ ಎರಡು ಸ್ಥಾನಗಳಿದ್ದ, 50,000ದಿಂದ 1,65,000ದೊಳಗೆ ಜನಸಂಖ್ಯೆಯಿದ್ದ ಪಟ್ಟಣಗಳನ್ನು ಹಾಗೆಯೇ ಬಿಟ್ಟರು. ಅಬರ್ಡೀನ್‌ಗೆ ಎರಡನೆಯ ಸ್ಥಾನ ಸಿಕ್ಕಿದ್ದೇ ಆಗ, ಹಾಗಾಗಿ ಅದು ಉತ್ತರ, ದಕ್ಷಿಣವೆಂದು ಇಬ್ಭಾಗವಾಯಿತು. ವಿಶ್ವವಿದ್ಯಾಲಯದ ಪದವೀಧರರ ಕ್ಷೇತ್ರವನ್ನು ಬದಿಗಿಟ್ಟರೆ, ಅಲ್ಲಿಂದ ಮುಂದೆ ಸ್ಕಾಟ್ಲೆಂಡಿನಲ್ಲಿ ಒಂದಕ್ಕಿಂತ ಹೆಚ್ಚು ಸದಸ್ಯರನ್ನು ಆರಿಸುತ್ತಿದ್ದುದು ಡಂಡೀ ಒಂದೇ.

ಈ ಎರಡು ಮತಗಳ ಲೆಕ್ಕ ಹಿಡಿಯದೆ ಡಂಡೀಯ ಯಾವ ಫಲಿತಾಂಶವೂ ಅರ್ಥವಾಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಲ್ಲಿ ಗೆಲ್ಲಲು ತನ್ನ ಪಕ್ಷದ ಬಲವೊಂದೇ ಸಾಲದು; ಇನ್ನೊಂದು ಪಕ್ಷದ ಬೆಂಬಲಿಗನ ಎರಡನೆಯ ಮತ ತನ್ನ ಕಡೆ ಹರಿದು ಬರಬೇಕು. 1906ರಲ್ಲಿ ಹಡಗು ಕಟ್ಟುವ ಬಡಗಿಗಳ ಸಂಘದ ನಾಯಕ ಅಲೆಕ್ಸಾಂಡರ್ ವಿಲ್ಕಿ ಲೇಬರ್ ಪರವಾಗಿ ಗೆದ್ದು, ಆ ಪಕ್ಷ ಸ್ಕಾಟ್ಲೆಂಡಿನಲ್ಲಿ ಮೊದಲ ಬಾರಿಗೆ ಗೆದ್ದುಕೊಂಡ ಎರಡು ಸ್ಥಾನಗಳಲ್ಲಿ ಒಂದನ್ನು ತಂದುಕೊಟ್ಟರು. ಇನ್ನೊಂದು ಸ್ಥಾನ ಲಿಬರಲ್ ಪಕ್ಷದ ಎಡ್ಮಂಡ್ ರಾಬರ್ಟ್‌ಸನ್ನರದು. ಆಮೇಲಿನ ಮಹಾಚುನಾವಣೆಗಳಲ್ಲಿ ಲಿಬರಲ್ ಒಬ್ಬರು, ಲೇಬರ್ ಒಬ್ಬರು ಎಂಬ ಹೊಂದಾಣಿಕೆಯೇ ನಡೆದುಬಂತು.

ಚರ್ಚಿಲ್ ಡಂಡೀಗೆ ಬಂದದ್ದು 1908ರಲ್ಲಿ. ಸಚಿವ ಸಂಪುಟಕ್ಕೆ ಹೊಸದಾಗಿ ಸೇರಿದ ಸಂಸದ ಮತ್ತೊಮ್ಮೆ ಜನರ ಮುಂದೆ ಹೋಗಿ ಆರಿಸಿ ಬರಬೇಕೆಂಬ ನಿಯಮ ಆಗ ಇತ್ತು. ವಾಣಿಜ್ಯ ಮಂಡಳಿಯ ಅಧ್ಯಕ್ಷರಾಗಿ ನೇಮಕಗೊಂಡ ಚರ್ಚಿಲ್ ಮ್ಯಾಂಚೆಸ್ಟರ್ ವಾಯವ್ಯ ಕ್ಷೇತ್ರದಲ್ಲಿ 429 ಮತಗಳಿಂದ ಸೋತರು. ಅದೇ ಹೊತ್ತಿಗೆ ರಾಬರ್ಟ್‌ಸನ್ನರು ಲಾರ್ಡ್ಸ್ ಸಭೆಗೆ ಹೋದದ್ದರಿಂದ ಡಂಡೀಯ ಒಂದು ಸ್ಥಾನ ತೆರವಾಗಿತ್ತು. ಮೇ ತಿಂಗಳ ಆ ಉಪಚುನಾವಣೆಯ ಪ್ರಚಾರದಲ್ಲಿ ಮೇರಿ ಮಲೋನಿ ಎಂಬ ಮಹಿಳಾ ಮತಾಧಿಕಾರದ ಹೋರಾಟಗಾರ್ತಿ ದೊಡ್ಡ ಗಂಟೆಯೊಂದನ್ನು ಹಿಡಿದು ಅವರ ಹಿಂದೆಯೇ ಓಡಾಡುತ್ತ, ಅವರು ಬಾಯಿ ತೆರೆದಾಗಲೆಲ್ಲ ಬಾರಿಸಿ ಮಾತು ಕೇಳಿಸದಂತೆ ಮಾಡಿದರು. ಆದರೂ ಚರ್ಚಿಲ್ 7,079 ಮತ ಪಡೆದು ಗೆದ್ದರು. ಯೂನಿಯನಿಸ್ಟ್ ಅಭ್ಯರ್ಥಿ ಬಾಕ್ಸ್‌ಟರ್‌ಗೆ 4,370, ಲೇಬರ್‌ನ ಸ್ಟುವರ್ಟ್‌ಗೆ 4,014, ಸ್ಕ್ರಿಮ್ಜರ್‌ಗೆ 655 ಮತ. ಒಂದೇ ಸ್ಥಾನಕ್ಕೆ ನಡೆದ ಉಪಚುನಾವಣೆಯಾದ್ದರಿಂದ ಮತದಾರನಿಗೆ ಒಂದೇ ಮತವಿತ್ತು, ಮತ್ತು ಲೇಬರ್ ಇಲ್ಲಿ ಎದುರಾಳಿಯಾಗಿ ನಿಂತಿತ್ತು. ಹಾಗಾಗಿ ಗೆದ್ದರೂ ಚರ್ಚಿಲ್ಲರ ಪಾಲು ಚಲಾವಣೆಯಾದ ಮತಗಳ ಅರ್ಧವನ್ನು ಮುಟ್ಟಲಿಲ್ಲ. ಇದು ಜೀವನಪೂರ್ತಿ ಕೈಬಿಡದ ಕ್ಷೇತ್ರವೆಂಬ ನಂಬಿಕೆಯಿಂದ ಅವರು ತಾಯಿಗೆ ಪತ್ರ ಬರೆದರು.

ಆ ನಂಬಿಕೆ ಹದಿನಾಲ್ಕು ವರ್ಷ ಸುಳ್ಳಾಗಲಿಲ್ಲ. 1910ರ ಎರಡು ಚುನಾವಣೆಗಳಲ್ಲಿಯೂ 1918ರಲ್ಲಿಯೂ ಚರ್ಚಿಲ್ ಮೊದಲಿಗರು, ವಿಲ್ಕಿ ಸ್ವಲ್ಪವೇ ಹಿಂದೆ ಎರಡನೆಯವರು. 1918ರ ಅಂಕಿಗಳನ್ನು ನೋಡಿ: 25,788 ಮತ್ತು 24,822. ಒಬ್ಬರಿಗೆ ಹಾಕಿದವರಲ್ಲಿ ಬಹುಪಾಲು ಜನ ಇನ್ನೊಬ್ಬರಿಗೂ ಹಾಕಿದರೆಂಬುದನ್ನು ಈ ಅಂಕಿಗಳೇ ಹೇಳುತ್ತವೆ.

1922ರಲ್ಲಿ ಆ ಜೋಡಿ ಮುರಿಯಿತು. ವಿಲ್ಕಿ ನಿವೃತ್ತರಾದರು. ಚರ್ಚಿಲ್ ನ್ಯಾಷನಲ್ ಲಿಬರಲ್ ಆಗಿ, ತಮ್ಮದೇ ಗುಂಪಿನ ಮ್ಯಾಕ್‌ಡೊನಾಲ್ಡರ ಜೊತೆ ಎರಡೂ ಸ್ಥಾನಗಳಿಗೆ ನಿಂತರು. ಲೇಬರ್ ಪಕ್ಷ ಮೊರೆಲ್ ಒಬ್ಬರನ್ನೇ ನಿಲ್ಲಿಸಿತು. ಅವರ ಬೆಂಬಲಿಗರ ಎರಡನೆಯ ಮತ ಸ್ಕ್ರಿಮ್ಜರ್ ಕಡೆಗೆ ತಿರುಗಿತು. ಕಾಂಗೋದಲ್ಲಿ ಬೆಲ್ಜಿಯಮ್ಮಿನ ದೊರೆ ಲಿಯೋಪೋಲ್ಡ್ ನಡೆಸಿದ ಕ್ರೌರ್ಯವನ್ನು ಜಗತ್ತಿಗೆ ತಿಳಿಸಿದ, ಮಹಾಯುದ್ಧವನ್ನು ವಿರೋಧಿಸಿ 1917ರಲ್ಲಿ ಜೈಲಿಗೆ ಹೋದ ಮೊರೆಲ್, ಯುದ್ಧಮಂತ್ರಿಯಾಗಿದ್ದವರ ಎದುರು ನಿಲ್ಲಲು ತಕ್ಕ ವ್ಯಕ್ತಿಯೇ ಆಗಿದ್ದರು. ಯುದ್ಧ ಮುಗಿದ ಮೇಲೆ ಸೆಣಬಿನ ಕಾರ್ಖಾನೆಗಳಲ್ಲಿ ಕೆಲಸ ಕಡಿಮೆಯಾಗಿ ನಿರುದ್ಯೋಗ ಹೆಚ್ಚಿತ್ತು. ಲಾಕೀ ಬಡಾವಣೆಯಲ್ಲಿ ನೆಲೆಸಿದ್ದ ಐರಿಷ್ ಮೂಲದ ಕಾರ್ಮಿಕರು, ಐರ್ಲೆಂಡಿನಲ್ಲಿ ಬ್ಲ್ಯಾಕ್ ಅಂಡ್ ಟ್ಯಾನ್ಸ್ ಪಡೆ ನಡೆಸಿದ ದಬ್ಬಾಳಿಕೆಯನ್ನು ಮರೆತಿರಲಿಲ್ಲ. ಇದೆಲ್ಲದರ ಮೇಲೆ, ಅಕ್ಟೋಬರಿನಲ್ಲಿ ಚರ್ಚಿಲ್ಲರಿಗೆ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಗಿ ಹಾಸಿಗೆ ಹಿಡಿದಿದ್ದರು. ಪತ್ನಿ ಕ್ಲೆಮೆಂಟೈನ್ ಸೆಪ್ಟೆಂಬರಿನಲ್ಲಷ್ಟೇ ಹುಟ್ಟಿದ್ದ ಕೂಸನ್ನೂ ಕಟ್ಟಿಕೊಂಡು ಹೋಗಿ ಗಂಡನ ಪರವಾಗಿ ಮತ ಕೇಳಿದರು. ಮತದಾನಕ್ಕೆ ನಾಲ್ಕು ದಿನ ಉಳಿದಿರುವಾಗ ಚರ್ಚಿಲ್ ಬಂದರು. ನಡೆಯಲಾಗದ ಅವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತರಬೇಕಾಯಿತು. ಒಂದು ಸಭೆಯಲ್ಲಂತೂ ಕೂಗಾಟಕ್ಕೆ ಭಾಷಣವೇ ನಿಂತುಹೋಯಿತು. ಎದುರಿಗಿದ್ದ ಯುವಕ ಯುವತಿಯರ ಕಣ್ಣುಗಳಲ್ಲಿ ಕಂಡ ದ್ವೇಷವನ್ನು ಅವರು ಮುಂದೆ ನೆನೆದು ಬರೆದಿದ್ದಾರೆ. ಅಧಿಕಾರ, ಸ್ಥಾನ, ಪಕ್ಷ, ಅಪೆಂಡಿಕ್ಸ್ ಎಲ್ಲವನ್ನೂ ಒಟ್ಟಿಗೆ ಕಳೆದುಕೊಂಡೆ ಎಂದು ಅವರು ಹೇಳಿಕೊಂಡದ್ದು ಈ ಸೋಲಿನ ಕುರಿತೇ.

1943ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಡಂಡೀ ನಗರಸಭೆ ಪ್ರಧಾನಿ ಚರ್ಚಿಲ್ಲರಿಗೆ ನಗರದ ಗೌರವ ಪೌರತ್ವ ನೀಡಲು ಒಂದೇ ಒಂದು ಮತದ ಅಂತರದಿಂದ ತೀರ್ಮಾನಿಸಿತು. ಅವರು ಅದನ್ನು ಒಲ್ಲೆನೆಂದರು.

ಪ್ರಶ್ನೆ: ಚರ್ಚಿಲ್ಲರನ್ನು ಸೋಲಿಸಿದ ಸ್ಕ್ರಿಮ್ಜರ್ ಯಾರು? ಅವರ ಪಕ್ಷದ ಹೆಸರನ್ನು ಬೇರೆಲ್ಲಿಯೂ ಕಂಡಿಲ್ಲ.

ಉತ್ತರ: ಕಾಣದಿರುವುದು ಸಹಜ. ಸ್ಕಾಟಿಷ್ ಪಾನನಿರೋಧ ಪಕ್ಷವನ್ನು 1901ರಲ್ಲಿ ಕಟ್ಟಿದವರು ಸ್ಕ್ರಿಮ್ಜರ್ ಅವರೇ, ಮತ್ತು ಪಾನನಿರೋಧದ ಹೆಸರಿನಲ್ಲಿಯೇ ನಿಂತು ಬ್ರಿಟಿಷ್ ಸಂಸತ್ತಿಗೆ ಆರಿಸಿ ಬಂದವರು ಇಂದಿಗೂ ಅವರೊಬ್ಬರೇ. ಅವರು ಡಂಡೀಯವರು, ನಗರಸಭೆಯ ಸದಸ್ಯರಾಗಿದ್ದವರು, ದೈವಭಕ್ತರು, ಸಮಾಜವಾದಿ, ಯುದ್ಧವಿರೋಧಿ. ಚರ್ಚಿಲ್ ನಿಂತ ಪ್ರತಿ ಸಲವೂ ಅವರ ಎದುರು ನಿಂತರು. 1908ರಲ್ಲಿ 655 ಮತ, 1910ರ ಜನವರಿಯಲ್ಲಿ 1,512, ಡಿಸೆಂಬರಿನಲ್ಲಿ 1,825, 1917ರ ಉಪಚುನಾವಣೆಯಲ್ಲಿ 2,036, 1918ರಲ್ಲಿ 10,423, ಆರನೆಯ ಯತ್ನದಲ್ಲಿ 32,578. ಈ ಸಾಲನ್ನು ಓದುವಾಗಲೆಲ್ಲ ನನಗೆ ಆ ಮನುಷ್ಯನ ಹಟದ ಬಗ್ಗೆ ಗೌರವ ಮೂಡುತ್ತದೆ.

1918ರಲ್ಲಿ ಕಾಣುವ ದೊಡ್ಡ ನೆಗೆತಕ್ಕೆ ಅವರ ಹಟವೊಂದೇ ಕಾರಣವಲ್ಲ. ಆ ವರ್ಷದ ಕಾಯ್ದೆ 21 ದಾಟಿದ ಗಂಡಸರಿಗೆಲ್ಲ ಮತ ಕೊಟ್ಟಿತು. 30 ದಾಟಿದ ಹೆಂಗಸರಿಗೂ ಕೆಲವು ಷರತ್ತುಗಳೊಂದಿಗೆ ಕೊಟ್ಟಿತು. ಡಂಡೀಯ ಮಟ್ಟಿಗೆ ಇದರ ಅರ್ಥ ದೊಡ್ಡದು. ಬಂಗಾಳದಿಂದ ಹಡಗಿನಲ್ಲಿ ಬರುತ್ತಿದ್ದ ಸೆಣಬನ್ನು ತಿಮಿಂಗಿಲದ ಎಣ್ಣೆಯಿಂದ ಮೆತ್ತಗೆ ಮಾಡಿ ನೂಲುತ್ತಿದ್ದ ಅಲ್ಲಿನ ಗಿರಣಿಗಳಲ್ಲಿ ದುಡಿಯುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು. ಕೆಲಸವಿಲ್ಲದೆ ಮನೆಯಲ್ಲಿ ಉಳಿಯುತ್ತಿದ್ದ ಗಂಡಸರನ್ನು ಊರಿನವರು ‘ಕೆಟಲ್ ಬಾಯ್ಲರ್’, ಅಂದರೆ ಚಹಾದ ನೀರು ಕಾಯಿಸುವವರು ಎಂದು ಕರೆಯುತ್ತಿದ್ದರು. ಸಂಬಳ ಹೆಂಡದಂಗಡಿಗೆ ಸೋರಿಹೋಗುವ ಸಂಕಟವನ್ನು ಕಣ್ಣಾರೆ ಕಂಡ ಇಂಥ ಹೆಂಗಸರಿಗೆ ಸ್ಕ್ರಿಮ್ಜರ್ ಅವರ ಮಾತು ತಾಗಿದ್ದರಲ್ಲಿ ಆಶ್ಚರ್ಯವಿಲ್ಲ. ಹಾಗೆಂದು 32,578 ಜನರೂ ಪಾನನಿರೋಧ ಬಯಸಿದರೆಂದು ತಿಳಿಯಬಾರದು. ಅದರಲ್ಲಿ ಲೇಬರ್ ಬೆಂಬಲಿಗರ ಎರಡನೆಯ ಮತದ ಪಾಲು ಬಹಳ ದೊಡ್ಡದು. 1923ರಲ್ಲಿ ಅವರು ಮಂಡಿಸಿದ ಮದ್ಯ ನಿಷೇಧ ಮಸೂದೆಗೆ ಕಾಮನ್ಸ್ ಸಭೆಯಲ್ಲಿ ಸಿಕ್ಕಿದ್ದು 14 ಮತ ಮಾತ್ರ. 1923, 1924, 1929ರಲ್ಲಿ ಮತ್ತೆ ಗೆದ್ದು, 1931ರಲ್ಲಿ ಸೋತು, ಕೊನೆಯ ವರ್ಷಗಳಲ್ಲಿ ಡಂಡೀಯ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಧೈರ್ಯ ಹೇಳುವ ಪಾದ್ರಿಯಾಗಿ ಸೇವೆ ಸಲ್ಲಿಸಿ, 1947ರಲ್ಲಿ ತೀರಿಕೊಂಡರು.

ಪ್ರಶ್ನೆ: ಡಂಡೀಯಿಂದ ಗೆದ್ದ ಇತರ ಗಮನಾರ್ಹ ಸಂಸದರು ಯಾರು? ಈ ಕ್ಷೇತ್ರ ಈಗಲೂ ಇದೆಯೇ?

ಉತ್ತರ: ಮೊದಲನೆಯವರನ್ನೇ ಹೇಳಬೇಕು. ಜಾರ್ಜ್ ಕಿನ್‌ಲಾಕ್ 1819ರಲ್ಲಿ ಡಂಡೀಯ ಮ್ಯಾಗ್ಡಲೆನ್ ಗ್ರೀನ್ ಮೈದಾನದಲ್ಲಿ ಸುಧಾರಣೆಯ ಪರವಾಗಿ ಮಾಡಿದ ಭಾಷಣಕ್ಕೆ ರಾಜದ್ರೋಹದ ಆರೋಪ ಹೊತ್ತು ಫ್ರಾನ್ಸಿಗೆ ತಪ್ಪಿಸಿಕೊಂಡು ಹೋಗಿದ್ದವರು. 1832ರಲ್ಲಿ ಜನ ಅವರನ್ನೇ ಆರಿಸಿದರು. ಆದರೆ ಕೆಲವೇ ತಿಂಗಳಲ್ಲಿ, 1833ರಲ್ಲಿ, ಅವರು ಕಾಲವಾದರು. ನಮ್ಮ ಓದುಗರಿಗೆ ವಿಶೇಷವೆನಿಸುವ ಇನ್ನೊಬ್ಬರು 1874ರಿಂದ 1880ರವರೆಗೆ ಸಂಸದರಾಗಿದ್ದ ಎಡ್ವರ್ಡ್ ಜೆಂಕಿನ್ಸ್. ವೆಸ್ಲಿಯನ್ ಪಾದ್ರಿಯ ಮಗನಾದ ಅವರು ಹುಟ್ಟಿದ್ದು 1838ರಲ್ಲಿ, ಬೆಂಗಳೂರಿನಲ್ಲಿ.

1931ರಲ್ಲಿ ಗೆದ್ದವರು ಲಿಬರಲ್ ಪಕ್ಷದ ಡಿಂಗಲ್ ಫುಟ್ ಮತ್ತು ಯೂನಿಯನಿಸ್ಟ್ ಪಕ್ಷದ ಫ್ಲಾರೆನ್ಸ್ ಹಾರ್ಸ್‌ಬ್ರಾ. ಇಲ್ಲಿಯೂ ಬೇರೆ ಬೇರೆ ಪಕ್ಷಗಳ ಇಬ್ಬರು ಜೋಡಿಯಾಗಿಯೇ ಗೆದ್ದದ್ದನ್ನು ಗಮನಿಸಿ. ಹಾರ್ಸ್‌ಬ್ರಾ ಡಂಡೀಯ ಮೊದಲ ಮಹಿಳಾ ಸಂಸದೆ. ಸ್ಕಾಟ್ಲೆಂಡಿನಲ್ಲಿ ಬಡವರು ಅಗ್ಗದ ಹೆಂಡವಾಗಿ ಕುಡಿಯುತ್ತಿದ್ದ ಮಿಥಿಲೇಟೆಡ್ ಸ್ಪಿರಿಟ್ಟಿನ ಚಿಲ್ಲರೆ ಮಾರಾಟಕ್ಕೆ ಕಡಿವಾಣ ಹಾಕಿದ 1937ರ ಕಾಯ್ದೆ ಅವರ ಖಾಸಗಿ ಮಸೂದೆಯಿಂದಲೇ ಬಂದದ್ದು. 1945ರಲ್ಲಿ ಡಂಡೀಯಲ್ಲಿ ಸೋತ ಅವರು ಮುಂದೆ ಮ್ಯಾಂಚೆಸ್ಟರಿನಿಂದ ಗೆದ್ದರು; ಅವರನ್ನು 1951ರಲ್ಲಿ ಶಿಕ್ಷಣ ಸಚಿವೆಯಾಗಿ ನೇಮಿಸಿ, 1953ರಲ್ಲಿ ಸಂಪುಟಕ್ಕೆ ಸೇರಿಸಿಕೊಂಡ ಪ್ರಧಾನಿ ಚರ್ಚಿಲ್.

1945ರಲ್ಲಿ ಎರಡೂ ಸ್ಥಾನಗಳು ಲೇಬರ್ ಪಾಲಾದವು: ಜಾನ್ ಸ್ಟ್ರೇಚಿ ಮತ್ತು ಥಾಮಸ್ ಕುಕ್. 1948ರ ಕಾಯ್ದೆ ದೇಶದಾದ್ಯಂತ ದ್ವಿಸದಸ್ಯ ಕ್ಷೇತ್ರಗಳನ್ನು ರದ್ದು ಮಾಡಿದ್ದರಿಂದ 1950ರ ಚುನಾವಣೆಗೆ ಡಂಡೀ ಪೂರ್ವ, ಡಂಡೀ ಪಶ್ಚಿಮ ಎಂಬ ಎರಡು ಕ್ಷೇತ್ರಗಳಾದವು. ಕುಕ್ ಪೂರ್ವದಿಂದ, ಸ್ಟ್ರೇಚಿ ಪಶ್ಚಿಮದಿಂದ ಗೆದ್ದರು. ಪೂರ್ವ ಕ್ಷೇತ್ರವನ್ನು 1974ರಿಂದ 1987ರವರೆಗೆ ಸ್ಕಾಟಿಷ್ ನ್ಯಾಷನಲ್ ಪಕ್ಷದ ಗಾರ್ಡನ್ ವಿಲ್ಸನ್ ಪ್ರತಿನಿಧಿಸಿದರು. 2024ರ ಚುನಾವಣೆಗೆ ಗಡಿಗಳು ಬದಲಾಗಿ ಈ ಎರಡು ಹೆಸರುಗಳೂ ಹೋಗಿ, ಡಂಡೀ ಸೆಂಟ್ರಲ್ ಎಂಬ ಕ್ಷೇತ್ರವೂ, ಪೂರ್ವದ ಭಾಗಗಳನ್ನು ಒಳಗೊಂಡ ಅರ್ಬ್ರೋತ್ ಅಂಡ್ ಬ್ರಾಟಿ ಫೆರಿ ಕ್ಷೇತ್ರವೂ ಬಂದವು.

ಹಳೆಯ ಅಂಕಿಗಳನ್ನು ಹೊಸವುಗಳೊಂದಿಗೆ ಹೋಲಿಸುವವರು ಒಂದು ಎಚ್ಚರ ವಹಿಸಬೇಕು. 1922ರ ಆರು ಅಭ್ಯರ್ಥಿಗಳ ಮತಗಳನ್ನು ಕೂಡಿದರೆ 1,18,167 ಆಗುತ್ತದೆ. ಆದರೆ ಮತಗಟ್ಟೆಗೆ ಬಂದ ಜನ ಅದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಸ್ಕ್ರಿಮ್ಜರ್ ಅವರ 32,578ನ್ನು ಆ ಒಟ್ಟು ಮೊತ್ತದಿಂದ ಭಾಗಿಸಿದರೆ ನೂರಕ್ಕೆ 28ರಷ್ಟು ಮಾತ್ರ ಬರುತ್ತದೆ. ವಾಸ್ತವದಲ್ಲಿ ಅಂದು ಮತಗಟ್ಟೆಗೆ ಬಂದವರಲ್ಲಿ ಅರ್ಧಕ್ಕರ್ಧ ಜನ ಅವರಿಗೆ ಒಂದು ಮತ ಹಾಕಿದ್ದರು.