ಟಾಮ್‌ಕ್ಯಾಟ್‌ನಲ್ಲಿ ಬೌನ್ಸಿ ಕ್ಯಾಸಲ್ ಜಾರ್ ಎಲ್ಲಿರಬೇಕು?

ಜಾವಾ ಅಪ್ಲಿಕೇಶನ್‌ಗಳನ್ನು ನಡೆಸುವ ಸರ್ವರ್ ಟಾಮ್‌ಕ್ಯಾಟ್. ಒಂದೇ ಟಾಮ್‌ಕ್ಯಾಟ್‌ನಲ್ಲಿ ಎರಡು ಅಪ್ಲಿಕೇಶನ್‌ಗಳು, ಎರಡರೊಳಗೂ ಎನ್‌ಕ್ರಿಪ್ಶನ್ ಲೈಬ್ರರಿ ಬೌನ್ಸಿ ಕ್ಯಾಸಲ್‌ನ ಜಾರ್ (ಜಾವಾ ಕೋಡ್‌ನ ಕಟ್ಟು). ಮೊದಲನೆಯದನ್ನು ತೆಗೆದು ಮತ್ತೆ ಹಾಕಿದರೆ ಎರಡನೆಯದರ ಎನ್‌ಕ್ರಿಪ್ಶನ್ ಏಕೆ ಕೈಕೊಡುತ್ತದೆ ಎಂದು ಕೇಳಿದ್ದೀರಿ. ಎನ್‌ಕ್ರಿಪ್ಶನ್ ಒದಗಿಸುವ ಇಂಥ ಲೈಬ್ರರಿಗಳನ್ನು ಜಾವಾ ‘ಪ್ರೊವೈಡರ್’ ಎನ್ನುತ್ತದೆ. ಅವುಗಳ ಪಟ್ಟಿ ಇಡೀ ಜೆವಿಎಂಗೆ (ಜಾವಾ ಕೋಡ್ ಓಡಿಸುವ ಯಂತ್ರಾಂಶಕ್ಕಲ್ಲ, ತಂತ್ರಾಂಶಕ್ಕೆ) ಒಂದೇ. ಮೊದಲು ನೋಂದಾಯಿಸಿದವರ ಪ್ರತಿಯೇ ಅಲ್ಲಿ ಕೂರುತ್ತದೆ. ಅದೇ ಹೆಸರಿನ ಎರಡನೆಯ ನೋಂದಣಿಯನ್ನು ಜಾವಾ ಸದ್ದಿಲ್ಲದೆ ತಳ್ಳಿಹಾಕುತ್ತದೆ. ಮೊದಲನೆಯ ಅಪ್ಲಿಕೇಶನ್ ಇಳಿದಾಗ ಅದರ ಕೋಡ್ ತಂದುಕೊಡುವ ಕ್ಲಾಸ್‌ಲೋಡರ್ ಮುಚ್ಚುತ್ತದೆ. ಪಟ್ಟಿಯಲ್ಲಿ ಉಳಿದ ಹಳೆಯ ಪ್ರತಿಗೆ ಬೇಕಾದ ಕೋಡ್ ಸಿಗದೆ ಎರಡನೆಯದು ಕೈಕೊಡುತ್ತದೆ.

ಎರಡರಿಂದಲೂ ಜಾರ್ ಮತ್ತು ನೋಂದಣಿಯ ಸಾಲು ತೆಗೆಯಿರಿ. ಜಾರ್ ಅನ್ನು ಹೊರಗೆ ಒಂದು ಫೋಲ್ಡರಿನಲ್ಲಿಟ್ಟು, ಟಾಮ್‌ಕ್ಯಾಟ್ ಶುರುವಾಗುವಾಗ ಓದುವ ಸೆಟ್‌ಎನ್ವ್ ಕಡತದಲ್ಲಿ ಕ್ಲಾಸ್‌ಪಾತ್‌ಗೆ (ಜಾವಾ ಕೋಡ್ ಹುಡುಕುವ ಜಾಗಗಳ ಪಟ್ಟಿಗೆ) ಸೇರಿಸಿ. ಟಾಮ್‌ಕ್ಯಾಟ್‌ನ ಲಿಬ್ ಫೋಲ್ಡರ್ ಸಾಲದು, ಪ್ರೊವೈಡರ್ ಹುಡುಕುವ ಜೆವಿಎಂಗೆ ಅದು ಕಾಣುವುದಿಲ್ಲ. ಆಮೇಲೆ ಜಾವಾದ ‘ಜಾವಾ.ಸೆಕ್ಯುರಿಟಿ’ ಕಡತದಲ್ಲಿ ಪ್ರೊವೈಡರ್‌ಗಳ ಪಟ್ಟಿಯ ಕೊನೆಗೆ ಬೌನ್ಸಿ ಕ್ಯಾಸಲ್‌ನ ಒಂದು ಸಾಲು ಬರೆಯಿರಿ. ಸಂಖ್ಯೆಯ ಮೇಲೆ ಕಣ್ಣಿಡಿ: ಪಟ್ಟಿ 12ಕ್ಕೆ ನಿಂತಿದ್ದರೆ ನಿಮ್ಮದು 13. ಕೈತಪ್ಪಿ 14 ಎಂದು ಬರೆದರೆ ಜಾವಾ ಆ ಸಾಲನ್ನು ಓದುವುದೇ ಇಲ್ಲ, ದೋಷವನ್ನೂ ತೋರಿಸುವುದಿಲ್ಲ.

ಮೊದಲ ಸ್ಥಾನದಲ್ಲೇ ಇಡಿ ಎನ್ನುವ ಸಲಹೆ ಧಾರಾಳವಾಗಿ ಸಿಗುತ್ತದೆ. ಕಿವಿಗೊಡಬೇಡಿ, ಜಾವಾ ಪಟ್ಟಿಯನ್ನು ಕ್ರಮವಾಗಿ ಹುಡುಕುವುದರಿಂದ ನಿಮಗೆ ಸಂಬಂಧವಿಲ್ಲದ ಕೋಡ್‌ನ ನಡವಳಿಕೆಯೂ ಬದಲಾಗಬಹುದು. ಕೊನೆಯಲ್ಲಿಟ್ಟು, ಬೇಕಾದಲ್ಲಿ ಕೋಡ್‌ನಲ್ಲಿ ‘ಬಿಸಿ’ (BC, ಬೌನ್ಸಿ ಕ್ಯಾಸಲ್ ಪ್ರೊವೈಡರ್‌ನ ಹೆಸರು) ಎಂದು ಹೆಸರು ಹೇಳಿ ಕರೆಯಿರಿ.